ದೀವದ ಹಕ್ಕಿ, ಬೊಂಬೆ ಹೇಂಟೆ

ಏಪ್ರಿಲ್ ಕೊನೆಯ ಒಂದು ಬೆಳಗು. ಇನ್ನೂ ಕತ್ತಲೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವರ್ನನ್ ಕೌಂಟಿಯಲ್ಲಿ ಒಂದು ಓಕ್ ಮರಕ್ಕೆ ಬೆನ್ನು ಕೊಟ್ಟು ಕೂತಿದ್ದೆ. ಪಕ್ಕದಲ್ಲಿ ಮ್ಯಾಡಿಸನ್‌ನ ನಮ್ಮ ನೆರೆಮನೆಯ ಹಿರಿಯರು. ಅವರ ತೊಡೆಯ ಮೇಲೆ ಬಂದೂಕು, ನನ್ನ ಕೈ ಖಾಲಿ. ನಾನು ನೋಡಲು ಬಂದವನು, ಅಷ್ಟೇ. ಎದುರಿಗೆ 20 ಗಜ ದೂರದ ಹುಲ್ಲಿನಲ್ಲಿ ಎರಡು ಬೊಂಬೆಗಳು. ಒಂದು ಟರ್ಕಿ ಕೋಳಿಯ ಹೇಂಟೆ, ಇನ್ನೊಂದು ಎಳೆ ಹುಂಜ.

ಆ ಬೊಂಬೆಗಳನ್ನು ನೋಡುತ್ತಾ ನೋಡುತ್ತಾ ನನಗೆ ಚಳ್ಳಕೆರೆ ಕಡೆಯ ತಾತನ ಊರು ನೆನಪಾಯಿತು. ಸುಗ್ಗಿ ಮುಗಿದ ಮೇಲೆ ಅಲ್ಲಿಗೆ ಒಬ್ಬ ಮುದುಕ ಬರುತ್ತಿದ್ದ. ಹೆಗಲಲ್ಲಿ ಬಿದಿರಿನ ಪಂಜರ, ಪಂಜರದಲ್ಲಿ ಒಂದು ಗೌಜಲು ಹಕ್ಕಿ. ಹೊಲದ ಬದುವಿನಲ್ಲಿ, ಜಾಲಿ ಗಿಡದ ಬುಡದಲ್ಲಿ ಪಂಜರ ಇಟ್ಟು ಸುತ್ತಲೂ ಉರುಲು ಕಟ್ಟುತ್ತಿದ್ದ. ಪಂಜರದ ಹಕ್ಕಿ ಕೂಗುತ್ತಿತ್ತು. ತನ್ನ ಜಾಗಕ್ಕೆ ಯಾರೋ ಬಂದರು ಅಂತ ಕಾಡಿನ ಗಂಡು ಗೌಜಲು ಜಗಳಕ್ಕೆ ಓಡಿ ಬಂದು ಉರುಲಿಗೆ ಬೀಳುತ್ತಿತ್ತು. ಹೀಗೆ ಬೇರೆ ಪ್ರಾಣಿಯನ್ನು ಸೆಳೆಯಲು ಪಳಗಿಸಿ ಇಟ್ಟುಕೊಂಡ ಪ್ರಾಣಿಗೆ ಹಳೆಯ ಕನ್ನಡದಲ್ಲಿ ದೀವ ಅನ್ನುತ್ತಾರೆ. ಎಂಥ ಚಿಕ್ಕ, ಚೊಕ್ಕ ಮಾತು ನೋಡಿ. ಈಗ ಯಾರ ಬಾಯಲ್ಲೂ ಇಲ್ಲ.

ಎರಡೂ ಕಡೆ ಉಪಾಯ ಒಂದೇ. ಹಕ್ಕಿಯ ಹಿಂದೆ ನಾವು ಓಡುವುದಿಲ್ಲ, ಅದಾಗಿಯೇ ಬರುವ ಹಾಗೆ ಮಾಡುತ್ತೇವೆ. ಆದರೆ ಟರ್ಕಿಯನ್ನು ಸೆಳೆಯುವುದು ನಾನು ಅಂದುಕೊಂಡಷ್ಟು ಸುಲಭವಲ್ಲ. ರಾತ್ರಿ ಎಲ್ಲ ಇವು ಎತ್ತರದ ಮರದ ಮೇಲೆ ಕೂತಿರುತ್ತವೆ. ಬೆಳಗಾಗುವ ಹೊತ್ತಿಗೆ ಹುಂಜ ಅಲ್ಲಿಂದಲೇ ಗೊಳಗೊಳ ಅಂತ ಕೂಗುತ್ತದೆ. ಆ ಕೂಗು ಕೇಳಿ ಹೇಂಟೆಗಳೇ ಹುಂಜದ ಹತ್ತಿರ ಹೋಗುವುದು ಅವುಗಳ ಪದ್ಧತಿ. ಬೇಟೆಗಾರ ಕೇಳುವುದು ಅದರ ತಿರುವುಮುರುವು: ಹೇಂಟೆ ಕೂತಲ್ಲೇ ಕೂಗುತ್ತದೆ, ನೀನು ಬಾ ಅನ್ನುತ್ತಾನೆ.

ಮೊದಲ ವರ್ಷ ನಾವು ಹೇಂಟೆ ಬೊಂಬೆ ಒಂದನ್ನೇ ಇಟ್ಟಿದ್ದೆವು. ಹಿರಿಯರು ಮರದ ಪುಟ್ಟ ಪೆಟ್ಟಿಗೆಯ ಮುಚ್ಚಳ ತಿಕ್ಕಿ ಹೇಂಟೆಯ ದನಿ ಹೊರಡಿಸಿದರು. ಹುಂಜ ಬಂತು. 60 ಗಜ ದೂರದಲ್ಲಿ ನಿಂತುಬಿಟ್ಟಿತು. ಮೈ ಉಬ್ಬಿಸಿತು, ಬಾಲ ಬೀಸಣಿಗೆಯ ಹಾಗೆ ಬಿಚ್ಚಿತು, ರೆಕ್ಕೆಯ ತುದಿ ನೆಲಕ್ಕೆ ಎಳೆಯಿತು. ತಲೆ ಕೆಂಪು, ಬಿಳಿ, ನೀಲಿ. ಅರ್ಧ ಗಂಟೆ ಅಲ್ಲೇ ತಿರುಗಿತು. ‘ನಾನು ಇಷ್ಟು ದೂರ ಬಂದಿದ್ದೇನೆ, ಇನ್ನು ನೀನು ಬಾ’ ಅಂತ ಹೇಂಟೆಗೆ ಹೇಳುವ ಹಾಗಿತ್ತು. ಬೊಂಬೆ ಎಲ್ಲಿಂದ ಹೋಗಬೇಕು? ಕೊನೆಗೆ ಹುಂಜ ತಿರುಗಿ ಕಾಡು ಸೇರಿತು. 40 ಗಜಕ್ಕಿಂತ ದೂರದ ಹಕ್ಕಿಗೆ ಗುಂಡು ಹಾರಿಸಬಾರದು, ಗಾಯಗೊಂಡು ಎಲ್ಲೋ ಹೋಗಿ ಸಾಯುತ್ತದೆ ಅಂತ ಹಿರಿಯರು ಬಂದೂಕು ಎತ್ತಲೇ ಇಲ್ಲ. ಅವತ್ತೇ ನನಗೆ ಈ ಬೇಟೆಯ ಮೇಲೆ ಗೌರವ ಹುಟ್ಟಿದ್ದು.

ಎಳೆ ಹುಂಜದ ಬೊಂಬೆ ಬೇಕಾಗುವುದು ಅದಕ್ಕೇ. ಹೇಂಟೆಯ ಪಕ್ಕ ಒಂದು ವರ್ಷದ ಪಡ್ಡೆ ನಿಂತಿದ್ದರೆ ದೊಡ್ಡ ಹುಂಜಕ್ಕೆ ತಡೆಯಲು ಆಗುವುದಿಲ್ಲ. ಆ ಬೊಂಬೆಯ ಮುಖ ಬೇಟೆಗಾರನ ಕಡೆ ಇರಬೇಕು. ಯಾಕೆಂದರೆ ಹುಂಜ ಎದುರಾಳಿಯ ಮುಖಕ್ಕೆ ಮುಖ ಕೊಟ್ಟೇ ನಿಲ್ಲುತ್ತದೆ. ಆಗ ಅದರ ಬೆನ್ನು ನಮ್ಮ ಕಡೆ ಬರುತ್ತದೆ, ಬಿಚ್ಚಿದ ಬಾಲವೇ ಅದರ ಕಣ್ಣಿಗೆ ಮರೆಯಾಗುತ್ತದೆ. ಟರ್ಕಿಯ ಕಣ್ಣು ಎಷ್ಟು ಚುರುಕು ಅಂದರೆ, ಒಂದು ಬೆರಳು ಆಡಿಸಿದರೂ ಆ ದಿನದ ಕೆಲಸ ಮುಗಿಯಿತು. ಗೌಜಲಿನ ಜಗಳಗಂಟ ಗುಣವನ್ನು ಚಳ್ಳಕೆರೆಯ ಮುದುಕ ಹೇಗೆ ಅರಿತಿದ್ದನೋ, ಇವರೂ ಹಾಗೇ ಅರಿತಿದ್ದಾರೆ.

ಈ ಕಥೆಯನ್ನು ಫೋನಿನಲ್ಲಿ ಹೇಳಿದಾಗ ಅಪ್ಪ ಕೇಳಿದರು: “ಅಲ್ಲಪ್ಪಾ, ನಮ್ಮಲ್ಲಿ ಗೌಜಲು ಹಿಡಿದ್ರೆ ಜೈಲು. ಅಲ್ಲಿ ದುಡ್ಡು ಕೊಟ್ಟು ಚೀಟಿ ತಗೊಂಡು ಹೊಡೀತಾರೆ. ಯಾವುದು ಸರಿ?”

ಎರಡೂ ಸರಿ ಅಂದೆ. ಸುಮ್ನೆ ಮಾತು ತೇಲಿಸಲು ಅಂದದ್ದಲ್ಲ. ವಿಸ್ಕಾನ್ಸಿನ್‌ನಲ್ಲಿ ಕಾಡು ಟರ್ಕಿ ಒಮ್ಮೆ ಪೂರ್ತಿ ಅಳಿದುಹೋಗಿತ್ತು. ಕೊನೆಯದು ಕಂಡದ್ದು 1881ರಲ್ಲಿ, ಡಾರ್ಲಿಂಗ್ಟನ್ ಊರಿನ ಹತ್ತಿರ. ಆಮೇಲೆ ಮಿಸೌರಿ ರಾಜ್ಯಕ್ಕೆ ಗ್ರೌಸ್ ಎಂಬ ಕಾಡುಹಕ್ಕಿಗಳನ್ನು ಕೊಟ್ಟು ಅಲ್ಲಿಂದ ಟರ್ಕಿಗಳನ್ನು ತಂದರು. 1976ರಲ್ಲಿ ನಾವು ಕೂತಿದ್ದ ಇದೇ ವರ್ನನ್ ಕೌಂಟಿಯಲ್ಲಿ ಮೊದಲ 29 ಹಕ್ಕಿಗಳನ್ನು ಬಿಟ್ಟರು. ಅವು ಹೆಚ್ಚಿದ ಮೇಲೆ, 1983ರಲ್ಲಿ, ವಸಂತದ ಬೇಟೆ ಶುರುವಾಯಿತು. ಇವತ್ತಿಗೂ ವಸಂತದಲ್ಲಿ ಹುಂಜವನ್ನೋ, ಎದೆಯ ಮೇಲೆ ಗಡ್ಡದಂಥ ಕುಚ್ಚು ಇರುವ ಹಕ್ಕಿಯನ್ನೋ ಮಾತ್ರ ಹೊಡೆಯಬಹುದು. ಕಾಳು ಚೆಲ್ಲಿ ಹೊಡೆಯುವಂತಿಲ್ಲ. ಯಂತ್ರದಿಂದ ಕೂಗು ಹಾಕುವಂತಿಲ್ಲ. ನಮ್ಮಲ್ಲಿ ಇಷ್ಟು ಕಾಡೂ ಇಲ್ಲ, ಇಷ್ಟು ಹಕ್ಕಿಯೂ ಇಲ್ಲ, ಲೆಕ್ಕ ಇಡುವವರೂ ಕಡಿಮೆ. ಬೇಟೆಗೆ ಬಾಗಿಲು ಹಾಕಿದ 1972ರ ವನ್ಯಜೀವಿ ಕಾಯ್ದೆ, ಅದಕ್ಕೆ 1991ರಲ್ಲಿ ಆದ ತಿದ್ದುಪಡಿ, ಎರಡೂ ಬೇಕಾಗಿದ್ದವು. ಆ ಬಾಗಿಲು ಮತ್ತೆ ತೆಗೆಯಬೇಕು ಅಂತ ನಾನು ಹೇಳುವುದಿಲ್ಲ.

ನನ್ನನ್ನು ಕಾಡುವುದು ಹೊಡೆಯುವ ಹಕ್ಕಿಗಿಂತ ಜಾಸ್ತಿ, ಕೂಗುವ ಹಕ್ಕಿ. ಅಮೆರಿಕದಲ್ಲೂ ಒಂದು ಕಾಲಕ್ಕೆ ಬಾತುಕೋಳಿ ಬೇಟೆಗೆ ಸಾಕಿದ ಬಾತುಗಳ ಕಾಲಿಗೆ ದಾರ ಕಟ್ಟಿ ಕೆರೆಗೆ ಬಿಡುತ್ತಿದ್ದರು. ಅವು ಕೂಗಿದರೆ ಹಾರುವ ಹಿಂಡು ಕೆಳಗಿಳಿಯುತ್ತಿತ್ತು. 1935ರಲ್ಲಿ ಕೇಂದ್ರ ಸರ್ಕಾರ ಅದನ್ನು ನಿಲ್ಲಿಸಿತು. ಅದು ಒಳ್ಳೆಯ ಕೆಲಸ. ಬೊಂಬೆ ಹೇಂಟೆಗೆ ನೋವಿಲ್ಲ, ಹಸಿವಿಲ್ಲ. ತನ್ನ ಜಾತಿಯ ಹಕ್ಕಿಯನ್ನು ಉರುಲಿಗೆ ಕರೆಯುವ ಕೆಲಸಕ್ಕೆ ಒಂದು ಜೀವವನ್ನು ಪಂಜರದಲ್ಲಿ ಇಡುವ ಅಗತ್ಯವಿಲ್ಲ.

ಆದರೆ ಬೊಂಬೆಯ ಬಳಕೆಯಲ್ಲೂ ನನಗೆ ಒಪ್ಪಿಗೆಯಾಗದ ಒಂದು ಬಗೆ ಇದೆ. ಟರ್ಕಿಯ ಬಿಚ್ಚಿದ ಬಾಲವನ್ನು ಮುಖದ ಮುಂದೆ ಹಿಡಿದು, ಅದರ ಮರೆಯಲ್ಲಿ ಹುಲ್ಲಿನ ಮೇಲೆ ತೆವಳುತ್ತಾ ಹುಂಜದ ಹತ್ತಿರ ಹೋಗುತ್ತಾರೆ. ನಮ್ಮ ಕಡೆ ಹಿಂದೆ ಪಳಗಿದ ಎತ್ತಿನ ಮರೆಯಲ್ಲಿ ನಡೆದು ಬೇಟೆಯ ಹತ್ತಿರ ಹೋಗುತ್ತಿದ್ದರಲ್ಲ, ಹಾಗೆ. ಆದರೆ ಎತ್ತನ್ನು ಕಂಡು ಯಾರೂ ಗುಂಡು ಹಾರಿಸುವುದಿಲ್ಲ. ಇಲ್ಲಿ ಕಾಡಿನ ಇನ್ನೊಂದು ಅಂಚಿನಲ್ಲಿ ಕೂತ ಬೇಟೆಗಾರನಿಗೆ ಕಾಣುವುದು ಟರ್ಕಿಯ ಬಾಲ ಮಾತ್ರ. ಟೆನೆಸಿ, ಸೌತ್ ಕ್ಯಾರೊಲಿನಾ ರಾಜ್ಯಗಳು ಸಾರ್ವಜನಿಕ ಬೇಟೆ ನೆಲದಲ್ಲಿ ಇದನ್ನು ನಿಷೇಧಿಸಿವೆ. ಅಲಬಾಮಾದಲ್ಲಂತೂ ವಸಂತದ ಬೇಟೆಯ ಮೊದಲ 10 ದಿನ ಯಾವ ಬೊಂಬೆಯನ್ನೂ ಇಡುವಂತಿಲ್ಲ. ನಮ್ಮ ಹಿರಿಯರು ಬೊಂಬೆಯನ್ನು ಕಿತ್ತಳೆ ಬಣ್ಣದ ಚೀಲದಲ್ಲಿ ಮುಚ್ಚಿಯೇ ಒಯ್ಯುತ್ತಾರೆ. ನನಗೆ ಕೆಂಪು, ನೀಲಿ, ಬಿಳಿ ಬಟ್ಟೆ ಬೇಡ ಅಂತ ಮೊದಲ ದಿನವೇ ಹೇಳಿದ್ದರು. ಬೇರೆ ಬೇಟೆಗಾರ ಹತ್ತಿರ ಬಂದರೆ ಕೈ ಬೀಸಬಾರದು, ಗಟ್ಟಿಯಾಗಿ ಮಾತಾಡಬೇಕು ಎಂದೂ ಹೇಳಿದ್ದರು. ತೆವಳಿ ಹೋದವನು ಹಕ್ಕಿಗೆ ಬರುವ ಇಲ್ಲವೇ ಬಿಡುವ ಅವಕಾಶವನ್ನೂ ಕೊಡುವುದಿಲ್ಲ. 60 ಗಜದಲ್ಲಿ ನಿಂತು ವಾಪಸ್ ಹೋದ ಆ ಹುಂಜಕ್ಕೆ ಆ ಅವಕಾಶ ಇತ್ತು.

ಅಪ್ಪ ಇನ್ನೊಂದು ವಿಷಯ ಹೇಳಿದರು. ನಮ್ಮೂರ ಕಡೆ ಈಗ ಕದ್ದು ಹಿಡಿಯುವವರಿಗೆ ಪಂಜರದ ಹಕ್ಕಿಯೂ ಬೇಡವಂತೆ. ಮೊಬೈಲಿನಲ್ಲಿ ಕೂಗು ಹಾಕಿ ರಾತ್ರಿ ಬಲೆ ಹಾಸುತ್ತಾರಂತೆ. ಕೇಳಿ ಹೊಟ್ಟೆ ಉರಿಯಿತು. ಯಾವ ಗಂಡು ಯಾವ ಬದುವಿನಲ್ಲಿದೆ, ಯಾವ ತಿಂಗಳಲ್ಲಿ ಮೊಟ್ಟೆ, ಎಲ್ಲವೂ ಆ ಮುದುಕನಿಗೆ ಗೊತ್ತಿತ್ತು. ಅಂಥವರನ್ನು ಹಕ್ಕಿ ಎಣಿಸಲು, ಹಕ್ಕಿ ತೋರಿಸಲು ಸಂಬಳ ಕೊಟ್ಟು ಕರೆಯಬಹುದಿತ್ತು. ಕರೆಯಲಿಲ್ಲ. ಈಗಲಾದರೂ ಅವರ ಮಕ್ಕಳನ್ನು, ಮೊಮ್ಮಕ್ಕಳನ್ನು ಕರೆಯಬೇಕು. ಮೊಬೈಲಿಗೆ ಕೂಗು ಮಾತ್ರ ಗೊತ್ತು.

“ಆ ಮುದುಕನ ಹಕ್ಕಿ ಏನಾಯ್ತು?” ಅಂತ ಕೇಳಿದೆ. ಕಾಯ್ದೆಗೆ ಹೆದರಿ ಒಂದು ದಿನ ಪಂಜರದ ಬಾಗಿಲು ತೆಗೆದುಬಿಟ್ಟನಂತೆ. ಹಕ್ಕಿ ದಿನವೆಲ್ಲ ಬೇಲಿಯ ಸುತ್ತ ಮೇಯ್ದು, ಸಂಜೆಗೆ ತಾನೇ ಬಂದು ಪಂಜರದೊಳಗೆ ಕೂತಿತಂತೆ.

ವಸಂತದ ಬೇಟೆಯ ಚೀಟಿಗೆ ಡಿಸೆಂಬರ್ 10ರೊಳಗೆ ಅರ್ಜಿ ಹಾಕಬೇಕು. ಈ ಸಲ ನೀನೂ ಹಾಕು ಅಂತ ಹಿರಿಯರು ಹೇಳುತ್ತಿದ್ದಾರೆ. ಬಂದೂಕು ಬೇಡ, ಬೊಂಬೆಯ ಚೀಲ ನನ್ನ ಹೆಗಲಿಗೇ ಇರಲಿ ಎಂದಿದ್ದೇನೆ. ಪೆಟ್ಟಿಗೆಯ ಮುಚ್ಚಳ ತಿಕ್ಕುವುದನ್ನು ಮಾತ್ರ ಕಲಿಸಿಕೊಡಿ ಅಂತ ಕೇಳಿದ್ದೇನೆ.