ವರದಿ ಕೊಟ್ಟ ಮೇಲಿನ ಕೆಲಸ ಯಾರದ್ದು?

ಸಾಹಿತಿ, ಚಿಂತಕರ ಮಾತನ್ನು ಸರ್ಕಾರ ಕಿವಿಗೇ ಹಾಕಿಕೊಳ್ಳುವುದಿಲ್ಲ ಅನ್ನುವ ದೂರು ನಮ್ಮಲ್ಲಿ ಮಾಮೂಲಿ. ಕರ್ನಾಟಕದ ಮಟ್ಟಿಗೆ ಅದು ಅರ್ಧ ಸತ್ಯ. ಸರ್ಕಾರ ಎಷ್ಟೋ ಸಲ ಕೇಳಿದೆ, ಆದೇಶವನ್ನೂ ಹೊರಡಿಸಿದೆ. ಆದರೆ ಆ ಆದೇಶದ ಒಕ್ಕಣೆಯ ಮೇಲೆ ಕೂತು ಕೆಲಸ ಮಾಡುವ ಅಭ್ಯಾಸ ನಮ್ಮ ಬೌದ್ಧಿಕ ವಲಯಕ್ಕಿಲ್ಲ. ನಾವು ಸೋತಿರುವುದು ಅಲ್ಲೇ.

ಗೋಕಾಕ್ ಸಮಿತಿಯನ್ನೇ ನೋಡಿ. 1980ರ ಜುಲೈನಲ್ಲಿ ನೇಮಕ, 1981ರ ಜನವರಿಯಲ್ಲಿ ವರದಿ. ಪ್ರೌಢಶಾಲೆಯಲ್ಲಿ ಕನ್ನಡವೊಂದೇ ಪ್ರಥಮ ಭಾಷೆ, ಅದಕ್ಕೆ 150 ಅಂಕ ಎಂಬುದು ಅದರ ತಿರುಳು. ವರದಿ ಒಂದು ವರ್ಷಕ್ಕೂ ಹೆಚ್ಚು ಕಾಲ ಹಾಗೇ ಬಿದ್ದಿತ್ತು. ಧಾರವಾಡದ ಸಾಹಿತಿಗಳು ಹಚ್ಚಿದ ಕಿಡಿಗೆ 1982ರ ಏಪ್ರಿಲ್‌ನಲ್ಲಿ ರಾಜ್‌ಕುಮಾರ್ ಸೇರಿದರು, ಜನಸಾಗರ ಹರಿದುಬಂತು. ಅದೇ ತಿಂಗಳ ಕೊನೆಗೆ ಆದೇಶ ಬಂತು, ಜುಲೈನಲ್ಲಿ ಪರಿಷ್ಕೃತ ಆದೇಶ. ಗೆದ್ದೆವು ಎಂದುಕೊಂಡು ಎಲ್ಲರೂ ಮನೆಗೆ ಹೋದರು.

1989ರ ಜನವರಿಯಲ್ಲಿ ಹೈಕೋರ್ಟ್ ಆ ಆದೇಶದ ಮುಖ್ಯ ಭಾಗವನ್ನು ರದ್ದು ಮಾಡಿತು. ಕನ್ನಡವೊಂದೇ ಪ್ರಥಮ ಭಾಷೆ ಎಂಬ ಕಡ್ಡಾಯ, ಸಮಾನತೆಯ ಹಕ್ಕಿಗೂ ಭಾಷಾ ಅಲ್ಪಸಂಖ್ಯಾತರ ಹಕ್ಕಿಗೂ ವಿರುದ್ಧ ಎಂದಿತು. ಅದೇ ವರ್ಷ ಜೂನ್‌ನಲ್ಲಿ ಸರ್ಕಾರ ಇನ್ನೊಂದು ಆದೇಶ ಬರೆಯಿತು. ಅದರಲ್ಲಿ ಒಂದರಿಂದ ನಾಲ್ಕನೇ ತರಗತಿಯವರೆಗೆ ಮಾತೃಭಾಷೆ. ಕನ್ನಡ ಮಾತೃಭಾಷೆಯಲ್ಲದ ಮಕ್ಕಳಿಗೆ ಮೂರನೇ ತರಗತಿಯಿಂದ ಕನ್ನಡ ಐಚ್ಛಿಕ, ಕಡ್ಡಾಯ ಪರೀಕ್ಷೆ ಇಲ್ಲ. 1993ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಎರಡು ಆದೇಶಗಳನ್ನು ಅಕ್ಕಪಕ್ಕ ಇಟ್ಟು ಓದಬೇಕು. ಎರಡಕ್ಕೂ ಕಾಳಜಿ ಕನ್ನಡದ್ದೇ, ಒಂದು ಬಿತ್ತು, ಇನ್ನೊಂದು ನಿಂತಿತು. ಅಂತರ ಇದ್ದದ್ದು ನಾಲ್ಕಾರು ವಾಕ್ಯಗಳಲ್ಲಿ.

ಈ ಪಾಠವನ್ನು ನಾವು ಕಲಿಯಲೇ ಇಲ್ಲ. 1994ರ ಭಾಷಾ ನೀತಿ ಆದೇಶ, ನಾಲ್ಕನೇ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷಾ ಮಾಧ್ಯಮ ಎಂಬುದನ್ನು ಅನುದಾನರಹಿತ ಖಾಸಗಿ ಶಾಲೆಗಳಿಗೂ ಅನ್ವಯಿಸಿತು. ಶಾಲೆಗಳು ಕನ್ನಡ ಮಾಧ್ಯಮ ಎಂದು ಅನುಮತಿ ಪಡೆದು ಇಂಗ್ಲಿಷಿನಲ್ಲಿ ಪಾಠ ಮಾಡಿದವು. 2006ರಲ್ಲಿ ಅಂಥ ಎರಡು ಸಾವಿರಕ್ಕೂ ಹೆಚ್ಚು ಶಾಲೆಗಳ ಮಾನ್ಯತೆ ರದ್ದಾಯಿತು. 2008ರಲ್ಲಿ ಹೈಕೋರ್ಟ್, 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಎರಡೂ ಕಡೆ ಸರ್ಕಾರಕ್ಕೆ ಸೋಲು. ಮಗುವಿನ ಮಾತೃಭಾಷೆ ಯಾವುದೆಂದು ಹೇಳಬೇಕಾದವರು ಪೋಷಕರು, ಮಾಧ್ಯಮದ ಆಯ್ಕೆ ವಾಕ್ ಸ್ವಾತಂತ್ರ್ಯದ ಭಾಗ ಎಂದು ಪೀಠ ಹೇಳಿತು. ಇಪ್ಪತ್ತು ವರ್ಷದ ಶ್ರಮ ಒಂದು ತೀರ್ಪಿನಲ್ಲಿ ಹೋಯಿತು. ಇದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಕನ್ನಡಿಗರಿಗೆ ಉದ್ಯೋಗದಲ್ಲಿ ಆದ್ಯತೆ ಕೊಡುವ ಬಗೆಗಿನ ಸರೋಜಿನಿ ಮಹಿಷಿ ವರದಿಯದ್ದೂ ಇದೇ ಕಥೆ. 58 ಶಿಫಾರಸು, ಅದರಲ್ಲಿ 45ನ್ನು ಸರ್ಕಾರ ಒಪ್ಪಿತು. ಒಪ್ಪಿದ್ದು ಕಾಯ್ದೆಯಾಗಲಿಲ್ಲ. 2024ರ ಜುಲೈನಲ್ಲಿ ಖಾಸಗಿ ಉದ್ಯೋಗ ಮೀಸಲಾತಿ ಮಸೂದೆ ಸಂಪುಟ ದಾಟಿದರೂ ಉದ್ಯಮಿಗಳ ವಿರೋಧಕ್ಕೆ ತಕ್ಷಣ ತಡೆಬಿತ್ತು. ಹರಿಯಾಣದ ಇಂಥದ್ದೇ ಕಾಯ್ದೆ 2023ರ ನವೆಂಬರ್‌ನಲ್ಲಿ ಹೈಕೋರ್ಟಿನಲ್ಲಿ ಬಿದ್ದಿತ್ತು. ಆ ತೀರ್ಪನ್ನು ಸಾಲುಸಾಲಾಗಿ ಓದಿ, ನಮ್ಮ ಮಸೂದೆ ಎಲ್ಲಿ ಎಡವಬಹುದು ಎಂದು ಹೇಳುವ ಗುಂಪೊಂದು ಇಲ್ಲಿ ಮೊದಲೇ ಇರಬೇಕಿತ್ತು.

ಮಾಡಬೇಕಾದ್ದು ಕಷ್ಟದ್ದೇನಲ್ಲ, ಬೇಸರದ್ದು. ಪ್ರತಿ ಬೇಡಿಕೆಯ ಜೊತೆ ಕಲಮುಗಳ ಕರಡನ್ನೂ ಕೊಡಬೇಕು; ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಭಾಷಾ ವಿಷಯವಾದರೆ ವಾಕ್ ಸ್ವಾತಂತ್ರ್ಯ, ಅಲ್ಪಸಂಖ್ಯಾತರ ಹಕ್ಕು, ಮಾತೃಭಾಷಾ ಶಿಕ್ಷಣ ಕುರಿತ ಸಂವಿಧಾನದ 19, 29, 30, 350ಎ ವಿಧಿಗಳನ್ನು ಬಲ್ಲ ವಕೀಲರೊಬ್ಬರು ಕರಡು ಹಂತದಲ್ಲೇ ಜೊತೆಗಿರಬೇಕು. ಕಡತ ಶಿಕ್ಷಣ ಇಲಾಖೆಯಿಂದ ಹಣಕಾಸು ಇಲಾಖೆಗೆ, ಕಾನೂನು ಇಲಾಖೆಗೆ ಹೋಗುತ್ತದೆ. ಅಲ್ಲಿ ಒಂದು ಟಿಪ್ಪಣಿ ಸಾಕು, ಆರು ತಿಂಗಳು ನಿಲ್ಲುತ್ತದೆ. ಅದನ್ನು ಹಿಂಬಾಲಿಸಲು ನಿರ್ದಿಷ್ಟ ಒಬ್ಬರಿರಬೇಕು. ಕರಡು ನಿಯಮ ರಾಜ್ಯಪತ್ರದಲ್ಲಿ ಬಂದಾಗ ಆಕ್ಷೇಪಣೆಗೆ ಸಿಗುವುದು ಸಾಮಾನ್ಯವಾಗಿ 15 ಅಥವಾ 30 ದಿನ. ಖಾಸಗಿ ಶಾಲೆಗಳ ಸಂಘಗಳು ಆ ದಿನಗಳನ್ನು ಬಿಡುವುದಿಲ್ಲ, ನಾವು ಪತ್ರಿಕಾ ಹೇಳಿಕೆ ಕೊಟ್ಟು ಸುಮ್ಮನಾಗುತ್ತೇವೆ. ಪ್ರಕರಣ ಕೋರ್ಟಿಗೆ ಹೋದರೆ ಮಧ್ಯಪ್ರವೇಶದ ಅರ್ಜಿ ಹಾಕಿ ವಾದದಲ್ಲಿ ಸೇರಬೇಕು.

ಇದು ಹಳೆಯ ಲೆಕ್ಕವಲ್ಲ. ರಾಜ್ಯ ಶಿಕ್ಷಣ ನೀತಿ ರೂಪಿಸಲು ನೇಮಿಸಿದ ಸುಖದೇವ್ ಥೋರಟ್ ಆಯೋಗ 2025ರ ಆಗಸ್ಟ್‌ನಲ್ಲಿ ಕೊಟ್ಟ ವರದಿ, ಐದನೇ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷಾ ಮಾಧ್ಯಮವನ್ನು ಶಿಫಾರಸು ಮಾಡಿದೆ. ಅದು ನೇರ ಹೋಗಿ ಡಿಕ್ಕಿ ಹೊಡೆಯುವುದು 2014ರ ತೀರ್ಪಿಗೇ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಒಂದು ಕಲಮು, ಅನುದಾನರಹಿತ ಶಾಲೆಗಳಿಗೆ ಬೇರೆ ಕಲಮು ಎಂದು ಈಗಲೇ ಬಿಡಿಸಿ ಬರೆದುಕೊಡಿ. ವರದಿಯನ್ನು ಸ್ವಾಗತಿಸಿ ಹೇಳಿಕೆಗೆ ಸಹಿ ಹಾಕಿದವರನ್ನೇ ಕೇಳುತ್ತಿದ್ದೇನೆ: ಆ ಕರಡು ಬರೆಯಲು ನಿಮ್ಮಲ್ಲಿ ಯಾರು ಕೂರುತ್ತೀರಿ?