ಒಂದು ಗೇಜ್ ಹಾಕಿ ನೋಡ್ರಪ್ಪಾ

ಈಗಷ್ಟೇ ಬಳ್ಳಾರಿಯ ಕೌಲ್ ಬಜಾರಿನಿಂದ ಮನೆಗೆ ಬಂದೆ. ಕೈಯಲ್ಲಿ ಇನ್ನೂ ಪೆಟ್ರೋಲ್ ವಾಸನೆ. ಸಿಟ್ಟು ಇಳಿಯುವ ಮೊದಲೇ ಬರೆದುಬಿಡ್ತೀನಿ.

ನಮ್ಮ ಓಣಿಯ ಹುಡುಗನೊಬ್ಬ ತಾತನ ಹಳೇ ಪದ್ಮಿನಿ ಕಾರನ್ನು ಆಸೆಪಟ್ಟು ರೆಡಿ ಮಾಡಿಸಿದ್ದಾನೆ. ಹೊಸ ಬಣ್ಣ, ಹೊಸ ಸೀಟು, ಜೊತೆಗೆ ಟ್ಯಾಂಕಿನಿಂದ ಇಂಜಿನ್‌ಗೆ ಪೆಟ್ರೋಲ್ ಕಳಿಸೋಕೆ ಹೊಸ ಎಲೆಕ್ಟ್ರಿಕ್ ಪಂಪ್. ಎರಡು ವಾರದಿಂದ ಗಾಡಿ ಮಿಸ್ಸಿಂಗ್ ಹೊಡೀತಿದೆ, ಪೆಟ್ರೋಲ್ ಕುಡಿದು ಹಾಕ್ತಿದೆ ಅಂತ ನನ್ನನ್ನು ಗ್ಯಾರೇಜಿಗೆ ಕರೆದ. ಬಾನೆಟ್ ಎತ್ತಿದರೆ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಮೈಯೆಲ್ಲಾ ಒದ್ದೆ. ಮುಚ್ಚಳದ ಸಂದಿಯಲ್ಲಿ ಪೆಟ್ರೋಲ್ ಹನಿ ಕಟ್ಟುತ್ತೆ, ದಪ್ಪ ಆಗುತ್ತೆ, ಕಾದ ಇಂಜಿನ್ ಮೇಲೆ ಬೀಳುತ್ತೆ, ಚುರ್ ಅಂತ ಆವಿಯಾಗುತ್ತೆ. ಮತ್ತೆ ಇನ್ನೊಂದು ಹನಿ. ಆ ಹುಡುಗ ಇದರಲ್ಲೇ ಅಮ್ಮನನ್ನು ಕೂರಿಸಿಕೊಂಡು ಓಡಾಡಿದ್ದಾನೆ!

ಪಂಪಿನ ಪ್ರೆಷರ್ ತಗ್ಗಿಸುವ ರೆಗ್ಯುಲೇಟರ್ ಇತ್ತು. ಆ ಪ್ರೆಷರ್ ಎಷ್ಟಿದೆ ಅಂತ ತೋರಿಸುವ ಗೇಜ್ ಇರಲಿಲ್ಲ. "ಎಷ್ಟಕ್ಕೆ ಸೆಟ್ ಮಾಡೀರಿ?" ಅಂತ ಮೇಸ್ತ್ರಿಯನ್ನು ಕೇಳಿದೆ.

"ಫುಲ್ ಟೈಟ್ ಮಾಡೀನ್ರಿ ಸರ್. ಪ್ರೆಷರ್ ಜಾಸ್ತಿ ಇದ್ರ ಪಿಕಪ್ ಚಲೋ ಬರ್ತದ."

ಈ ಮಾತನ್ನು ಗಂಗಾವತಿಯಲ್ಲಿ ಕೇಳಿದ್ದೇನೆ, ರಾಯಚೂರಲ್ಲಿ ಕೇಳಿದ್ದೇನೆ. ಪ್ರೆಷರ್‌ಗೂ ಪಿಕಪ್‌ಗೂ ಸಂಬಂಧ ಇಲ್ಲ ಕಣ್ರೀ. ಪಂಪಿನ ಕೆಲಸ ಕಾರ್ಬೊರೇಟರ್ ಬೌಲ್, ಅಂದರೆ ಅದರೊಳಗಿನ ಪುಟ್ಟ ಪೆಟ್ರೋಲ್ ತೊಟ್ಟಿ ತುಂಬಿಸೋದು, ಅಷ್ಟೇ. ಅಲ್ಲಿಂದ ಮುಂದೆ ಪೆಟ್ರೋಲ್ ಎಳೆದುಕೊಳ್ಳೋದು ಗಾಳಿ. ಬೌಲ್ ತುಂಬಿದಾಗ ಅದರಲ್ಲಿ ತೇಲುವ ಫ್ಲೋಟ್ ಮೇಲೆದ್ದು ಒಂದು ಸಣ್ಣ ಸೂಜಿಯನ್ನು ಒತ್ತಿ ದಾರಿ ಮುಚ್ಚುತ್ತೆ. ಆ ಹಗುರ ಫ್ಲೋಟಿನ ಬಲ ಎಷ್ಟಿರುತ್ತೆ ಯೋಚಿಸಿ. ನಮ್ಮ ಇಂಥ ಸಣ್ಣ ಕಾರ್ಬೊರೇಟರ್‌ಗೆ ಎರಡೂವರೆಯಿಂದ ಮೂರೂವರೆ ಪಿಎಸ್‌ಐ (ಪ್ರೆಷರಿನ ಅಳತೆ) ಧಾರಾಳ ಸಾಕು. ಅಂಗಡಿಯಲ್ಲಿ ಸಿಗುವ ಎಲೆಕ್ಟ್ರಿಕ್ ಪಂಪ್ ಸಾಮಾನ್ಯವಾಗಿ 4ರಿಂದ 7 ಕೊಡುತ್ತೆ. ಸೂಜಿ ತಡೆಯೋದಿಲ್ಲ, ಬೌಲ್ ಉಕ್ಕುತ್ತೆ. ಇನ್ನು ಕೆಲವರು ಎಂಪಿಎಫ್‌ಐ, ಅಂದರೆ ಕಾರ್ಬೊರೇಟರ್ ಇಲ್ಲದೆ ಪೆಟ್ರೋಲ್ ಚಿಮ್ಮಿಸುವ ಗಾಡಿಯ ಹಳೇ ಪಂಪ್ ತಂದು ಹಾಕ್ತಾರೆ. ಅದು 3 ಬಾರ್, ಅಂದರೆ 43 ಪಿಎಸ್‌ಐ ಹತ್ತಿರ. ಸಣ್ಣ ರೆಗ್ಯುಲೇಟರ್ ಅದನ್ನು ಹಿಡಿಯೋದೇ ಇಲ್ಲ.

ಇಷ್ಟು ಸಿಟ್ಟು ಯಾಕೆ ಅಂದರೆ, ಈ ತಪ್ಪು ನಾನೂ ಮಾಡಿದ್ದೇನೆ. ಅಪ್ಪನ ಗಾಡಿಗೆ. ಗೇಜ್ ಆಮೇಲೆ ಹಾಕಿದರಾಯ್ತು ಅಂದುಕೊಂಡು ಎರಡು ತಿಂಗಳು ಓಡಿಸಿದೆ. ಕೊಪ್ಪಳದಿಂದ ವಾಪಸ್ ಬರುವಾಗ ಗಿಣಿಗೇರಾ ಹತ್ತಿರ ಇಂಜಿನ್ ಕಟಕಟ ಅನ್ನೋಕೆ ಶುರುವಾಯ್ತು. ಇಂಜಿನ್ ಆಯಿಲ್ ಅಳೆಯುವ ಡಿಪ್‌ಸ್ಟಿಕ್ ತೆಗೆದರೆ ಆಯಿಲ್ ಕಮ್ಮಿ ಆಗೋದಿರಲಿ, ಜಾಸ್ತಿ ಆಗಿತ್ತು. ಮೂಸಿ ನೋಡಿದೆ, ಪೆಟ್ರೋಲ್. ಉಕ್ಕಿದ್ದೆಲ್ಲಾ ಸಿಲಿಂಡರ್ ಗೋಡೆಯ ಆಯಿಲ್ ತೊಳೆದುಕೊಂಡು ಕೆಳಗಿಳಿದು, ಆಯಿಲ್ ನೀರಿನ ಹಾಗೆ ತೆಳ್ಳಗಾಗಿತ್ತು. ಬೇರಿಂಗ್ ಹೋಯ್ತು. ಅಪ್ಪ ಏನೂ ಅನ್ನಲಿಲ್ಲ. ಆ ಡಿಪ್‌ಸ್ಟಿಕ್ ಹಿಡಿದು ಸುಮ್ನೆ ನಿಂತುಬಿಟ್ಟರು. ಅದು ನನಗೆ ಇವತ್ತಿಗೂ ಮರೆಯೋಕೆ ಆಗಿಲ್ಲ.

"ಹಿಂದಿನ ಮೇಸ್ತ್ರಿಗಳು ಯಾವ ಗೇಜ್ ಇಟ್ಟಿದ್ದರು?" ಅಂತ ಕೇಳೋರಿದ್ದಾರೆ. ಅವರಿಗೆ ಬೇಕಾಗಿರಲಿಲ್ಲ ಸ್ವಾಮಿ! ಕಂಪನಿಯ ಮೆಕ್ಯಾನಿಕಲ್ ಪಂಪಿನೊಳಗೆ ಸ್ಪ್ರಿಂಗ್ ಇರುತ್ತೆ. ಇಂಜಿನ್ ತಿರುಗಿಸುವ ಕ್ಯಾಮ್, ಪೊರೆಯಂಥ ಡಯಾಫ್ರಮ್ ಅನ್ನು ಎಳೆಯುತ್ತೆ, ಸ್ಪ್ರಿಂಗ್ ಅದನ್ನು ವಾಪಸ್ ತಳ್ಳುತ್ತೆ. ಪ್ರೆಷರ್ ಎಷ್ಟು ಅಂತ ಆ ಸ್ಪ್ರಿಂಗೇ ತೀರ್ಮಾನ ಮಾಡಿರುತ್ತೆ. ಅದನ್ನು ಕಿತ್ತು ಬೇರೆ ಪಂಪ್ ಹಾಕಿದ ಮೇಲೆ ಲೆಕ್ಕ ನಮ್ಮ ತಲೆ ಮೇಲೆ ಬಂತು ಅಲ್ವಾ? ಕಿವಿಯಿಂದ ಪಿಎಸ್‌ಐ ಕೇಳಿಸೋದಿಲ್ಲ.

ಎಲೆಕ್ಟ್ರಿಕ್ ಪಂಪ್ ಬೇಡ ಅಂತ ನಾನು ಹೇಳಲ್ಲ. ನಮ್ಮ ಬಳ್ಳಾರಿಯ ಮೇ ತಿಂಗಳ ಬಿಸಿಲಲ್ಲಿ ಸುಧಾ ಕ್ರಾಸ್ ರೈಲ್ವೆ ಗೇಟ್ ಬಿದ್ದಾಗ, ಮೆಕ್ಯಾನಿಕಲ್ ಪಂಪಿನೊಳಗೇ ಪೆಟ್ರೋಲ್ ಆವಿಯಾಗಿ ಗಾಡಿ ಸತ್ತು, ಒದ್ದೆ ಬಟ್ಟೆ ಸುತ್ತಿ ಕಾಯ್ದವನು ನಾನು. ಹಾಕಿ, ಆದರೆ ಸರಿಯಾಗಿ ಹಾಕಿ. ಟ್ಯಾಂಕ್ ಹತ್ತಿರ, ಅದಕ್ಕಿಂತ ಕೆಳಗೆ ಕೂರಿಸಿ. ಈ ಪಂಪ್ ಎಳೆಯೋದಕ್ಕಿಂತ ತಳ್ಳೋದರಲ್ಲಿ ಗಟ್ಟಿ. ಪಂಪಿಗಿಂತ ಮೊದಲು ಒಂದು ಫಿಲ್ಟರ್. ಕರೆಂಟನ್ನು ಆಯಿಲ್ ಪ್ರೆಷರ್ ಸ್ವಿಚ್ ಮೂಲಕ ಕೊಡಿ. ಆಕ್ಸಿಡೆಂಟ್ ಆಗಿ ಇಂಜಿನ್ ನಿಂತರೂ ಕೀ ಆನ್ ಇದ್ದರೆ ಪಂಪ್ ಪೆಟ್ರೋಲ್ ತಳ್ಳುತ್ತಲೇ ಇರುತ್ತೆ, ಅದು ನಿಲ್ಲಬೇಕು. ಇಂಜಿನ್ ನಿಂತು ಆಯಿಲ್ ಪ್ರೆಷರ್ ಇಳಿದಾಗ ಈ ಸ್ವಿಚ್ ಪಂಪಿನ ಕರೆಂಟ್ ಕಡಿಯುತ್ತೆ. ಗೇಜನ್ನು ರೆಗ್ಯುಲೇಟರ್ ಮತ್ತು ಕಾರ್ಬೊರೇಟರ್ ನಡುವೆ ಹಾಕಿ. 15 ಪಿಎಸ್‌ಐವರೆಗೆ ಅಳೆಯೋದು ತಗೊಳ್ಳಿ. 100ರ ಗೇಜಿನಲ್ಲಿ ಮೂರು ಎಲ್ಲಿ, ನಾಲ್ಕು ಎಲ್ಲಿ ಅಂತ ಗೊತ್ತೇ ಆಗಲ್ಲ.

ಇವತ್ತು ಮನೆಗೆ ಓಡಿ ನನ್ನ ಗೇಜ್ ತಂದು ಸಿಕ್ಕಿಸಿದೆ. ಮುಳ್ಳು ಆರು ದಾಟಿ ನಿಂತಿತು. ಮೇಸ್ತ್ರಿಯೂ ಬಗ್ಗಿ ನೋಡಿದರು. ಲಾಕ್ ನಟ್ ಸಡಿಲ ಮಾಡಿ, ಸ್ಕ್ರೂವನ್ನು ಅರ್ಧರ್ಧ ಸುತ್ತು ಬಿಚ್ಚುತ್ತಾ ಬಂದೆ. ಒಂದೊಂದು ಸಲಕ್ಕೂ ಇಂಜಿನ್ ಸ್ಲೋದಲ್ಲಿ ಓಡಲು ಬಿಟ್ಟು ನೋಡಿದೆ. ಮೂರಕ್ಕೆ ಬಂದಾಗ ಹನಿ ನಿಂತಿತು. ಪ್ಲಗ್ ನಾಲ್ಕೂ ಇದ್ದಿಲಿನ ಹಾಗೆ ಕಪ್ಪಾಗಿದ್ದವು, ಉಜ್ಜಿ ಹಾಕಿದೆವು. ಇಂಜಿನ್ ಆಯಿಲ್ ಬದಲಾಯಿಸಲೇಬೇಕು ಅಂತ ಹಟ ಹಿಡಿದು ಅಲ್ಲೇ ಬದಲಾಯಿಸಿದೆ.

ಹುಡುಗ ಗಾಡಿ ತಗೊಂಡು ಹೋದ. ಗೇಜನ್ನು ಬಿಚ್ಚಬೇಡ, ಅಲ್ಲೇ ಇರಲಿ ಅಂದಿದ್ದೇನೆ. "ಸರ್, ಇಂಥಾದ್ದು ಎಲ್ಲಿ ಸಿಗ್ತದ್ರಿ?" ಅಂತ ಮೇಸ್ತ್ರಿ ಕೇಳಿದರು. ನಾಳೆ ಅವರಿಗೂ ಒಂದು ತಂದುಕೊಡ್ತೀನಿ.