ಅಸ್ಥಿ ಬಿಡುವ ಕೈ

ಅಮೆರಿಕದ ಒಹಾಯೋ ರಾಜ್ಯದಲ್ಲಿ ನಮ್ಮ ನೆರೆಮನೆಯ ಹಿರಿಯರೊಬ್ಬರು, ಜೀವಮಾನವಿಡೀ ಮೆಕ್ಕೆಜೋಳ ಬೆಳೆದವರು, ತಮ್ಮ ಚಿತಾಭಸ್ಮವನ್ನು ಸಣ್ಣ ವಿಮಾನದಿಂದ ತಮ್ಮದೇ ಹೊಲದ ಮೇಲೆ ಚೆಲ್ಲಬೇಕೆಂದು ಬರೆದಿಟ್ಟು ತೀರಿಕೊಂಡರು. ಅವರ ಪತ್ನಿ ಜೊತೆಗೆ ಬರುವಂತೆ ಕೇಳಿಕೊಂಡದ್ದರಿಂದ ನಾನೂ ಆ ವಿಮಾನದ ಹಿಂದಿನ ಸೀಟಿನಲ್ಲಿ ಕುಳಿತಿದ್ದೆ. ದಾವಣಗೆರೆಯವನಾದ ನನಗೆ ಮೆಕ್ಕೆಜೋಳದ ಹೊಲ ಹೊಸದಲ್ಲ. ಅದರ ಮೇಲೆ ಬೂದಿಯಾಗಿ ಇಳಿಯಬೇಕೆಂಬ ಆಸೆಯೂ ನಮ್ಮ ದೇಶಕ್ಕೆ ಹೊಸದಲ್ಲ. ನೆಹರೂ 1954ರಲ್ಲಿ ಬರೆದ ಉಯಿಲಿನಲ್ಲಿ, ಒಂದು ಹಿಡಿ ಬೂದಿಯನ್ನು ಅಲಹಾಬಾದಿನಲ್ಲಿ ಗಂಗೆಗೆ ಬಿಟ್ಟು, ಹೆಚ್ಚಿನ ಪಾಲನ್ನು ವಿಮಾನದಿಂದ ರೈತರು ದುಡಿಯುವ ಹೊಲಗಳ ಮೇಲೆ ಚೆಲ್ಲಬೇಕೆಂದು ಕೇಳಿಕೊಂಡಿದ್ದರು. 1964ರಲ್ಲಿ ಅದು ಹಾಗೆಯೇ ನಡೆಯಿತು.

ಕೆಳಗಿರುವ ಜನರಿಗೂ ಆಸ್ತಿಗೂ ಅಪಾಯವಾಗದಂತೆ ಎಚ್ಚರ ವಹಿಸಿದರೆ ಅಮೆರಿಕದ ವಿಮಾನಯಾನ ನಿಯಮ ಇದಕ್ಕೆ ಅಡ್ಡಿ ಮಾಡುವುದಿಲ್ಲ. ಆದ್ದರಿಂದ ಕೆಳಗೆ ಬೀಳುವುದು ಬೂದಿ ಮಾತ್ರ. ಡಬ್ಬಿ ವಿಮಾನದಲ್ಲೇ ಉಳಿಯುತ್ತದೆ. ಅಲ್ಲಿನ ಚಿತಾಗಾರದಲ್ಲಿ ಎಲುಬುಗಳನ್ನು ಯಂತ್ರದಲ್ಲಿ ಪುಡಿ ಮಾಡಿ, ಎರಡು ಮೂರು ಕಿಲೋ ತೂಗುವ ಒರಟು ಮರಳಿನಂಥ ಬೂದಿಯನ್ನು ಮನೆಯವರಿಗೆ ಕೊಡುತ್ತಾರೆ. ಕಿಟಕಿಯಿಂದ ಸುರಿದರೆ ಗಾಳಿ ಅದನ್ನು ತಿರುಗಿ ಒಳಕ್ಕೇ ತಳ್ಳುತ್ತದೆಂದು ಪೈಲಟ್ ಕೊಳವೆಯೊಂದನ್ನು ಹೊರಕ್ಕೆ ಚಾಚಿ ಕಟ್ಟಿದ್ದ. ವೇಗ ತಗ್ಗಿಸಿ ಅವನೇ ಹಗ್ಗ ಎಳೆದ. ಐದಾರು ಸೆಕೆಂಡು ಬೂದುಬಣ್ಣದ ಎಳೆಯೊಂದು ಕಂಡು ಕರಗಿತು. ಆಕೆ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡೇ ಇದ್ದರು. ಇನ್ನೊಮ್ಮೆ ನೋಡಲೆಂದು ಪೈಲಟ್ ವಿಮಾನವನ್ನು ವಾಲಿಸಿ ಸುತ್ತು ಹೊಡೆಸಿದಾಗ ಕೆಳಗೆ ಬರಿಯ ಜೋಳದ ಹಸಿರು. ಆಕೆ ಅಂಗೈಯನ್ನು ಗಾಜಿಗೆ ಒತ್ತಿ ಹಿಡಿದರು.

ಆ ಅಂಗೈ ಕಂಡಾಗ ನನ್ನ ತಂದೆಯವರ ಮೂರನೆಯ ದಿನ ನೆನಪಾಯಿತು. ಸ್ಮಶಾನದಲ್ಲಿ ಬೂದಿಗೆ ಹಾಲು ನೀರು ಚಿಮುಕಿಸಿದ ಮೇಲೆ ಚಿಕ್ಕಪ್ಪ ನನ್ನ ಹೆಗಲು ಹಿಡಿದು, "ಕಾಲಿನ ಕಡೆಯಿಂದ ಆರಿಸ್ಕೊಂತ ಬಾ ತಮ್ಮಾ, ತಲೆ ಕಡೇದು ಕೊನೇಗೆ," ಎಂದರು. ಎಲುಬಿನ ಚೂರುಗಳು ಇನ್ನೂ ಬೆಚ್ಚಗಿದ್ದವು, ಸುಣ್ಣದ ಹರಳಿನಷ್ಟು ಹಗುರವಾಗಿದ್ದವು. ನನ್ನನ್ನು ಹೊತ್ತು ಹೊಲಕ್ಕೆ ನಡೆದ ಕಾಲು ಇದೇ ಎಂದು ಕೈಗೆ ಗೊತ್ತಾಯಿತು. ಮನಸ್ಸಿಗೆ ಗೊತ್ತಾದದ್ದು ಆಮೇಲೆ. ವಿಮಾನದಲ್ಲಿ ಕುಳಿತ ಆ ತಾಯಿಗೆ ಇದು ದಕ್ಕಲಿಲ್ಲ, ಹಗ್ಗವನ್ನಾದರೂ ಅವರ ಕೈಗೆ ಕೊಡಬೇಕಿತ್ತು ಎಂದು ನನಗೆ ಇಂದಿಗೂ ಅನಿಸುತ್ತದೆ.

ನಮ್ಮ ಕಡೆಯ ಲೋಪವನ್ನೂ ಹೇಳಲೇಬೇಕು. ಮಡಕೆಗೆ ಕೆಂಪು ಬಟ್ಟೆ ಕಟ್ಟಿ ಹರಿಹರಕ್ಕೆ ಹೋಗಿ ತುಂಗಭದ್ರೆಗೆ ಬಿಟ್ಟೆವು. ಹಿಂತಿರುಗಿ ನೋಡಬಾರದೆಂದು ಹೇಳಿದ್ದರೂ ನಾನು ನೋಡಿದೆ. ಏಪ್ರಿಲ್ ತಿಂಗಳ ಹೊಳೆಯಲ್ಲಿ ಮೊಣಕಾಲುದ್ದ ನೀರೂ ಇರಲಿಲ್ಲ; ತಂದೆಯವರ ಮಡಕೆ ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡಿತ್ತು, ಸುತ್ತಲೂ ಯಾರ್ಯಾರದೋ ಮಡಕೆಯ ಬಾಯಿ, ಮಾಸಿದ ಬಟ್ಟೆ, ಹೂವು ತಂದ ಪ್ಲಾಸ್ಟಿಕ್ ಚೀಲ. ಹೊಳೆಗೆ ಬಿಡುವುದೆಂದರೆ ಹರಿಯಲು ಬಿಡುವುದಲ್ಲವೇ? ನೀರು ಕುಡಿಸುವ ಹೊಳೆಯನ್ನು ನಾವು ಹೀಗೆ ನಡೆಸಿಕೊಳ್ಳುವುದು ತಪ್ಪು, ಸತ್ತವರಿಗೂ ಅದರಿಂದ ಮರ್ಯಾದೆಯಿಲ್ಲ.

ಬೂದಿಯ ಹೊರತು ಬೇರೇನೂ ಬೀಳಬಾರದೆಂಬ ಅಲ್ಲಿನ ಕಟ್ಟುನಿಟ್ಟನ್ನು ನಾವು ತಂದುಕೊಂಡರೆ ಯಾವ ಶಾಸ್ತ್ರವೂ ಕೆಡುವುದಿಲ್ಲ. ಊರಿನಲ್ಲಿರುವ ಅಣ್ಣನಿಗೆ ಇದನ್ನೇ ಬರೆದಿದ್ದೇನೆ: ಮುಂದೆ ನಮ್ಮ ಮನೆಯಲ್ಲಿ ಈ ಕೆಲಸ ಬಂದಾಗ ಬಟ್ಟೆಯನ್ನು ದಡದಲ್ಲೇ ಬಿಚ್ಚೋಣ, ನೀರು ಹರಿಯುವ ಕಡೆಗೆ ಇಳಿದು ನಿಲ್ಲೋಣ, ಬೊಗಸೆ ಬೊಗಸೆಯಾಗಿ ಬಿಟ್ಟು, ಬರಿದಾದ ಮಡಕೆಯನ್ನು ಮೇಲಕ್ಕೆ ತರೋಣ.